ಅವರು ನನ್ನ ಮಾತು ಕೇಳದಿರಲಿ

ಹತ್ತೊಂಬತ್ತು ನೂರ ತೊಂಬತ್ತೆಂಟರಲ್ಲಿ, ಕಾಫಿ ಹಣ್ಣಾಗಲು ಶುರುವಾಗಿದ್ದ ಹೊತ್ತಿನಲ್ಲಿ, ನನ್ನ ಹೆಂಡತಿ ಸಾವಿನ ಹತ್ತಿರ ಹೋಗಿದ್ದಳು. ಅವಳನ್ನು ಅಲ್ಲಿಗೆ ತಳ್ಳಬಹುದಾಗಿದ್ದ ಮಾತು ನನ್ನದೇ. ಭಕ್ತರು ಓದುವ ಈ ಪುಟಗಳಲ್ಲಿ ಬರೆಯಲು ನನಗೆ ಅರ್ಹತೆ ಇದೆಯೋ ಇಲ್ಲವೋ ತಿಳಿಯದು. ಆದರೆ ಗುಡಿಯ ಅಮ್ಮ ಮಾಡಿದ್ದನ್ನು ಹೇಳದೆ ಇರುವುದು ಇನ್ನೂ ದೊಡ್ಡ ನಾಚಿಕೆ.

ವನಜ ಚೊಚ್ಚಲ ಬಸುರಿ. ಸೀಮಂತ ಮುಗಿಸಿ ಹಾನುಬಾಳಿನಾಚೆಯ ತವರಿಗೆ ಹೋಗಿದ್ದಳು. ನಾನು ಮೈಸೂರಿನಲ್ಲಿದ್ದೆ. ಒಂದು ಸಂಜೆ ಅತ್ತೆ ಗೌರಮ್ಮ ಹಾನುಬಾಳಿನ ಎಸ್‌ಟಿಡಿ ಬೂತಿನಿಂದ ನಮ್ಮ ಪ್ರಯೋಗಾಲಯಕ್ಕೆ ಫೋನ್ ಮಾಡಿದರು.

“ವನಜನ ಬಳೆ ಬಿಗಿಯಾಗ್ಬುಟ್ಟವೆ ಕಣಪ್ಪ. ಸೀಮಂತದಾಗೆ ಸಲೀಸಾಗಿ ಹೋಗಿದ್ವು. ಈಗ ಕೈ ಊದ್ಕೊಂಡೈತೆ, ಮುಖಾನೂ ತುಂಬ್ಕೊಂಡೈತೆ. ನಾಳೆ ಅಮ್ಮನ ಗುಡಿಗೆ ಕರ್ಕೊಂಡೋಗಿ ಅಪ್ಪಣೆ ಕೇಳಿ ತೆಗೆಸ್ಕೊಂಡು ಬತ್ತೀವಿ.”

ಅವರ ಕಡೆ ಸೀಮಂತದ ಬಳೆಗಳನ್ನು ಮೊದಲು ಅಮ್ಮನಿಗೆ ತೊಡಿಸಿ ಆಮೇಲೆ ಬಸುರಿಗೆ ತೊಡಿಸುತ್ತಾರೆ. ಹೆರಿಗೆಗೆ ಮುಂಚೆ ತೆಗೆಯಬೇಕಾಗಿ ಬಂದರೆ ಅಮ್ಮನ ಎದುರೇ ತೆಗೆಯಬೇಕು. ಗುಡಿ ಇರುವುದು ಸಕಲೇಶಪುರದ ದಾರಿಯಲ್ಲಿ. ಅವರ ಮನೆಯಿಂದ ತೋಟದೊಳಗೆ ಬಹಳ ದೂರ ನಡೆದು ರಸ್ತೆಗೆ ಬಂದು, ಅಲ್ಲಿಂದ ಬಸ್ಸು ಹಿಡಿಯಬೇಕು.

ಅಪ್ಪಣೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಉಳಿದ ಯಾವುದೂ ನನ್ನ ತಲೆಗೆ ಹೋಗಲಿಲ್ಲ.

“ಅತ್ತೆ, ಗಾಜಿನ ಬಳೆ ತೆಗೆಯೋಕೂ ದೇವರ ಪರ್ಮಿಶನ್ ಬೇಕಾ? ಸೋಪು ಹಚ್ಚಿ ಎಳೀರಿ. ಬರದಿದ್ರೆ ಒಡೀರಿ. ಬಸುರೀನ ಬಸ್ಸಲ್ಲಿ ಕುಲುಕಾಡಿಸ್ಕೊಂಡು ಎಲ್ಲಿಗೂ ಹೋಗ್ಬೇಡಿ. ಮನೇಲೇ ಮಲಗಿರಲಿ.”

“ಬಸುರಿ ಬಳೆ ಒಡೆಯೋದಾ? ಬಿಡ್ತು ಅನ್ನಿ!” ಎಂದರು ಅತ್ತೆ. ನಾನು ದನಿ ಏರಿಸಿದೆ. ಅವರು, “ಆಯ್ತು ಬಿಡಿ. ನೀವು ಓದ್ದೋರು” ಎಂದು ಫೋನ್ ಇಟ್ಟರು.

ನಾನು ಏನು ಓದಿದ್ದೆ ಎಂಬುದನ್ನು ಇಲ್ಲಿ ಹೇಳಬೇಕು. ನನ್ನ ಸಂಶೋಧನೆಯೇ ಬಸುರಿಯರ ರಕ್ತನಾಳಗಳ ಬಗ್ಗೆ. ರೋಗಗಳ ಜೊತೆ ಹೋರಾಡುವ ಕೆಲವು ಕೋಶಗಳಿಗೆ ಕೊಲ್ಲುವ ಕೋಶಗಳೆಂದೇ ಹೆಸರು. ಗರ್ಭಕೋಶದಲ್ಲಿ ಮಾತ್ರ ಅವುಗಳ ಸ್ವಭಾವ ಬೇರೆ. ಬಸಿರಿನ ಮೊದಲ ತಿಂಗಳುಗಳಲ್ಲಿ ಅವು ತಾಯಿಯ ಸಣ್ಣ ರಕ್ತನಾಳಗಳ ಸುತ್ತ ಸೇರಿ, ಆ ನಾಳಗಳು ಅಗಲವಾಗಲು ನೆರವಾಗುತ್ತವೆ. ಮಗುವಿಗೆ ಧಾರಾಳವಾಗಿ ರಕ್ತ ಹರಿಯುತ್ತದೆ. ಈ ಕೆಲಸ ಸರಿಯಾಗಿ ಆಗದಿದ್ದರೆ ನಾಳಗಳು ಕಿರಿದಾಗಿಯೇ ಉಳಿಯುತ್ತವೆ. ಅದರ ಫಲ ತಿಂಗಳುಗಳ ನಂತರ ಕಾಣಿಸುತ್ತದೆ: ತಾಯಿಯ ರಕ್ತದೊತ್ತಡ ಏರುತ್ತದೆ, ಕೈ ಮುಖ ಊದುತ್ತವೆ, ಕೊನೆಗೆ ಫಿಟ್ಸ್ ಬರುತ್ತದೆ. ಹೆರಿಗೆಯಲ್ಲಿ ಬಿದ್ದು ಆಸ್ಪತ್ರೆಯಿಂದ ಬಂದ ಮಾಸಿನ ತೆಳು ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ನನ್ನ ದಿನದ ಕೆಲಸವಾಗಿತ್ತು.

ಮರುದಿನವೂ ಅದನ್ನೇ ಮಾಡುತ್ತಿದ್ದೆ. ಕಣ್ಣೆದುರು ಕಿರಿದಾದ ಒಂದು ನಾಳ. ಎಷ್ಟು ಬಿಗಿಯಾಗಿದೆ ಎಂದುಕೊಂಡೆ. ಆಗ ಅತ್ತೆಯ ಹಿಂದಿನ ಸಂಜೆಯ ದನಿ ಕಿವಿಯಲ್ಲಿ ಮತ್ತೆ ಕೇಳಿಸಿತು. ಕೈ ಊದಿದೆ, ಮುಖ ತುಂಬಿಕೊಂಡಿದೆ ಎಂದು ಅವರು ನನಗೆ ಬಾಯಿಬಿಟ್ಟು ಹೇಳಿದ್ದರು. ನಾನು ಮನೆಯಲ್ಲೇ ಮಲಗಿಸಿ ಎಂದಿದ್ದೆ.

ಬೂತಿಗೆ ಫೋನ್ ಮಾಡಿದೆ. “ಅವರ ಮನೆ ಕಡೆಗಾ? ಈಗ್ಯಾರೂ ಹೋಗೋರಿಲ್ಲ ಸಾರ್. ಸಂಜೆ ಯಾರಾದ್ರೂ ಸಿಕ್ರೆ ಹೇಳ್ತೀನಿ” ಎಂದ ಅಲ್ಲಿದ್ದವನು. ಹಾಕಿಕೊಂಡಿದ್ದ ಬಿಳಿ ಕೋಟಿನಲ್ಲೇ ಹೋಗಿ ಹಾಸನದ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಚಿತ್ರ. ರಸ್ತೆಯಿಂದ ಅಷ್ಟು ದೂರದ ಮನೆ, ಒಳಕೋಣೆಯಲ್ಲಿ ನನ್ನ ಮಾತಿನಂತೆ ಮಲಗಿರುವ ವನಜ, ಅಲ್ಲಿ ಫಿಟ್ಸ್ ಬಂದರೆ ಹೊತ್ತು ತರಲು ಒಂದು ಜೀಪೂ ಇಲ್ಲ. ಹಾಸನದಲ್ಲಿ ಬಸ್ಸು ಬದಲಿಸಿದೆ. ಆಲೂರು ಬಂತು. ನನ್ನ ಹುಟ್ಟೂರು ಅಲ್ಲೇ ಕುಂದೂರಿನ ಕಡೆ. ನಮ್ಮೂರ ದೇವರನ್ನು ನೆನೆಯೋಣವೆಂದರೆ ಮುಖವಿರಲಿಲ್ಲ. ಕಾಲೇಜು ಸೇರಿದಾಗಿನಿಂದ ಆ ದೇವರ ಬಗ್ಗೆ ನಾನು ಮಾಡದ ತಮಾಷೆಯಿಲ್ಲ. ನಾನು ಕಂಡೇ ಇರದ ಆ ಗುಡಿಯ ಅಮ್ಮನನ್ನು ಬೇಡಿಕೊಂಡೆ. ಬೇಡುವುದು ಹೇಗೆಂದೂ ಗೊತ್ತಿರಲಿಲ್ಲ. ಬಂದದ್ದು ಇಷ್ಟೇ: “ಅಮ್ಮಾ, ಅವರು ನನ್ನ ಮಾತು ಕೇಳದಿರಲಿ.”

ಇದನ್ನು ನಾನು ಬಾಯಿಬಿಟ್ಟು ಹೇಳಿದೆನೋ, ಮನಸ್ಸಿನಲ್ಲೋ? ಆಲೂರು ದಾಟಿದ ಮೇಲೋ, ಹಾಸನದ ನಿಲ್ದಾಣದಲ್ಲೋ? ಖಚಿತವಿಲ್ಲ. ಎಷ್ಟೋ ಸಲ ನೆನೆದು ನೆನೆದು ನೆನಪೇ ಸವೆದಿದೆ. ಪಕ್ಕದಲ್ಲಿದ್ದ ಹೆಂಗಸು ನನ್ನ ಕೋಟು ನೋಡಿ, “ಯಾಕೆ ಡಾಕ್ಟ್ರೇ, ನೀವೇ ಅಳ್ತಾ ಕುಂತಿದ್ದೀರಲ್ಲ” ಎಂದದ್ದು ಮಾತ್ರ ನಿಜ. ನಾನು ಆ ಬಗೆಯ ಡಾಕ್ಟರಲ್ಲ ಎಂದು ಹೇಳಲೂ ಆಗಲಿಲ್ಲ.

ಸಕಲೇಶಪುರದಲ್ಲಿ ಇಳಿದು ಹಾನುಬಾಳಿನ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟೆ. ಕಂಡಕ್ಟರ್ ನನ್ನ ಗುರುತು ಹಿಡಿದ.

“ಗೌರಮ್ಮೋರ ಅಳಿಯ ಅಲ್ವೇನ್ರೀ? ಇಳೀರಿ, ಇಳೀರಿ! ಅವರು ಊರಲ್ಲಿಲ್ಲ. ಬೆಳಿಗ್ಗೆ ಗುಡಿ ಮುಂದೆ ನಿಮ್ಮನೆಯೋರಿಗೆ ಫಿಟ್ಸ್ ಬಂತು. ನಮ್ಮ ಬಸ್ಸಲ್ಲೇ ತಂದು ಇಲ್ಲಿ ಆಸ್ಪತ್ರೆಗೆ ಬಿಟ್ವಿ. ಇಂಜೆಕ್ಷನ್ ಕೊಟ್ಟು ಹಾಸನಕ್ಕೆ ಕಳಿಸವ್ರೆ.”

“ಬದುಕಿದ್ದಾಳಾ?”

“ನೋಡ್ದಾಗ ಉಸಿರಾಡ್ತಿದ್ರು ಮಾರಾಯ್ರೆ. ಮೊದ್ಲು ಹೋಗಿ.”

ಗುಡಿಯ ಮುಂದೆ ಪ್ರತಿ ಬಸ್ಸೂ ನಿಲ್ಲುತ್ತದೆ. ಚಾಲಕ ಇಳಿದು ಕುಂಕುಮ ಇಟ್ಟುಕೊಂಡೇ ಮುಂದೆ ಹೋಗುವುದು. ಅಲ್ಲಿ ನಡೆದದ್ದು ನನಗೆ ಆಮೇಲೆ ತಿಳಿಯಿತು. ಅರ್ಚಕರು ಅಪ್ಪಣೆ ಕೇಳಿ ಒಂದು ಕೈಯ ಬಳೆಗಳನ್ನು ಎಣ್ಣೆ ಹಚ್ಚಿ ತೆಗೆದಿದ್ದರಂತೆ. ಇನ್ನೊಂದು ಕೈ ಚಾಚುವಾಗ ವನಜ, “ಕಣ್ಣು ಮಂಜಾಗ್ತೈತೆ ಅವ್ವಾ” ಎಂದು ಹಾಗೇ ಬಿದ್ದಳಂತೆ. ಆ ಹೊತ್ತಿಗೆ ಹೊರಗೆ ಬಸ್ಸು ಬಂದು ನಿಂತಿತ್ತು. ಆಮೇಲೆ ಸಕಲೇಶಪುರದವರೆಗೆ ಅದು ಎಲ್ಲೂ ನಿಲ್ಲಲಿಲ್ಲ.

ಬಂದ ದಾರಿಯಲ್ಲೇ ಹಾಸನಕ್ಕೆ ಮರಳಿದೆ. ಆಪರೇಷನ್ ಆಗಿತ್ತು. ದಿನ ತುಂಬುವ ಮೊದಲೇ ಹುಟ್ಟಿದ ಮಗಳು ಅಂಗೈಯಗಲದಷ್ಟಿದ್ದಳು, ಗಾಜಿನ ಪೆಟ್ಟಿಗೆಯೊಳಗೆ. ವನಜಳಿಗೆ ಎಚ್ಚರವಿರಲಿಲ್ಲ. “ಇನ್ನು ಸ್ವಲ್ಪ ಹೊತ್ತು ತಡವಾಗಿದ್ದರೆ ನಾನು ಏನೂ ಮಾಡುವಂತಿರಲಿಲ್ಲ” ಎಂದರು ಡಾಕ್ಟರಮ್ಮ. ನಾನೇನು ಕೆಲಸ ಮಾಡುತ್ತೇನೆಂದು ಕೇಳಿದರು. ಸಂಶೋಧನೆ ಎಂದೆ. ಯಾವುದರ ಬಗ್ಗೆ ಎಂದಾಗ ನೆಲ ನೋಡಿದೆ.

ವರಾಂಡದಲ್ಲಿ ಕುಳಿತಿದ್ದ ಅತ್ತೆ ನನ್ನನ್ನು ಕಂಡು ಗಡಬಡಿಸಿ ಎದ್ದರು. ಸೆರಗಿನಲ್ಲಿ ಮುಖ ಒರೆಸಿಕೊಂಡು ಕೈಮುಗಿದರು.

“ಬಯ್ಯಬ್ಯಾಡಿ ಕಣಪ್ಪ. ನೀವು ಬ್ಯಾಡ ಅಂದ್ರೂ ಕರ್ಕೊಂಡು ಹೋಗ್ಬುಟ್ಟೆ. ರಾತ್ರಿಯೆಲ್ಲ ಮನಸ್ಸು ತಡೀಲಿಲ್ಲ. ತಪ್ಪಾಯ್ತು.”

ಆ ಮುಗಿದ ಕೈಗಳನ್ನು ನಾನು ಹಿಡಿದು ಇಳಿಸಬೇಕಿತ್ತು. ಹಿಡಿಯಲಿಲ್ಲ. ತಪ್ಪು ನನ್ನದೆಂದು ಹೇಳಲೂ ಇಲ್ಲ. ನಾನು ಇನ್ನೂ ಕೋಪದಲ್ಲಿದ್ದೇನೆಂದು ಅವರು ತಿಳಿದರು. ವನಜ ಕಣ್ಣು ಬಿಡುವವರೆಗೂ ನನ್ನ ಮುಂದೆ ಕೂರಲಿಲ್ಲ.

ವನಜ ಉಳಿದಳು. ಮಗಳೂ ಉಳಿದಳು, ಅವಳ ಹೆಸರು ಅಮ್ಮನದೇ. ಮಗುವನ್ನು ಮನೆಗೆ ತಂದ ದಿನ ಬಸ್ಸಿನಲ್ಲಿ ಬೇಡಿಕೊಂಡದ್ದನ್ನು ವನಜಳಿಗೆ ಹೇಳಿದೆ. “ಸದ್ಯ, ಮನೇಲಿ ನಿಮ್ಮ ಮಾತಿಗೆ ಬೆಲೆ ಇಲ್ಲ ಅಂತ ಒಂದಿನವಾದ್ರೂ ಖುಷಿಪಟ್ರಲ್ಲ” ಎಂದು ನಕ್ಕಳು. ಆ ನಗು ನನಗೆ ದಕ್ಕಿದ್ದೇ ಹೆಚ್ಚು.

ನನ್ನೊಳಗಿನ ಸಂಶೋಧಕ ಈಗಲೂ ತಕರಾರು ಎತ್ತುತ್ತಾನೆ. ನೀನು ಬೇಡಿದ್ದು ಮಧ್ಯಾಹ್ನ, ಅವರು ಮನೆ ಬಿಟ್ಟದ್ದು ಬೆಳಿಗ್ಗೆ. ಬೇಡುವ ಮೊದಲೇ ಆಗಿಹೋದದ್ದು ಬೇಡಿದ್ದರ ಫಲ ಹೇಗಾದೀತು? ನಾನು ಅಮ್ಮನ ಹೆಸರೆತ್ತುವ ಮೊದಲೇ ಅವಳು ನನ್ನ ಹೆಂಡತಿ ಮಗುವನ್ನು ಹಿಡಿದುಕೊಂಡಿದ್ದಳು ಎಂದಷ್ಟೇ ಬಲ್ಲೆ. ಯೋಗ್ಯತೆ ನೋಡಿ ಕೊಡುವವಳಾಗಿದ್ದರೆ ನನಗೆ ಸಿಗುತ್ತಲೇ ಇರಲಿಲ್ಲ.

ಅತ್ತೆಗೆ ಹೇಳಲು ಮಾತ್ರ ವರ್ಷಗಳೇ ಹಿಡಿದವು. ಹೋದ ವರ್ಷ ಅವರ ಅಡುಗೆಮನೆಯಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ: ಫೋನಿನಲ್ಲಿ ನನಗೆ ಏನು ಹೊಳೆಯಬೇಕಿತ್ತು, ಬಸ್ಸಿನಲ್ಲಿ ಏನು ಬೇಡಿದೆ, ವರಾಂಡದಲ್ಲಿ ಯಾಕೆ ಮಾತಾಡಲಿಲ್ಲ. ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

“ಯಾರೂ ನನ್ನ ಮಾತು ಕೇಳ್ದಂಗೆ ಮಾಡು ಅಂದ್ರಾ?”

“ಹೌದು ಅತ್ತೆ.”

“ಅಮ್ಮ ಮಾತ್ರ ಕೇಳ್ಬುಟ್ಳಲ್ಲಪ್ಪ ಮತ್ತೆ” ಎಂದು, ರೊಟ್ಟಿಯ ತಟ್ಟೆಯನ್ನು ನನ್ನ ಮುಂದೆ ಸರಿಸಿದರು.