ಮಾದಣ್ಣನ ಹೂವಿನ ಮುಯ್ಯಿ

ಸೀಗೆಹುಂಡಿಯ ಮಾದಣ್ಣನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಮೈ ಉರಿಯುತ್ತದೆ. ಹೊಗಳಿದರೂ ಉರಿಯುತ್ತದೆ, ಅದು ಬೇರೆ ಮಾತು. ನಾನು ಆ ಊರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಎರಡನೇ ಟೀಚರಾಗಿದ್ದವಳು, ಶಿವರಂಜಿನಿ. ಚಾಮರಾಜನಗರದ ನಮ್ಮ ಮನೆಯಿಂದ ಬೆಳಿಗ್ಗೆ ಬಸ್ಸು ಹತ್ತಿ, ತೆರಕಣಾಂಬಿ ದಾಟಿ, ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ, ಹಂಗಳದಲ್ಲಿ ಇಳಿದು ಕಾಡಿನ ದಿಕ್ಕಿಗೆ ನಡೆದುಕೊಂಡು ಹೋಗುತ್ತಿದ್ದೆ. ಮೊದಲ ತಿಂಗಳು ದಿನಾ ಬೈದುಕೊಂಡೇ ನಡೆದೆ. ಎದುರಿಗೆ ಬಂದು ನನ್ನ ಚೀಲ ಇಸಿದುಕೊಳ್ಳುತ್ತಿದ್ದವನು ಮಾದಣ್ಣ. "ಆನೆ ಗೀನೆ ಇದ್ದಾವು ಮೇಡಮ್ಮೋರೇ, ನೀವೊಬ್ರೇ ಬರಬ್ಯಾಡಿ" ಎನ್ನುತ್ತಿದ್ದ. ಆನೆಗಿಂತ ಹೆಚ್ಚಾಗಿ ನಾನು ಅರ್ಧ ದಾರಿಯಿಂದ ವಾಪಸು ಹೋಗಿಬಿಟ್ಟೇನು ಅನ್ನುವ ಭಯ ಅವನಿಗಿತ್ತು.

ಅವನು ಮೂರನೇ ಕ್ಲಾಸಿನಲ್ಲಿದ್ದಾಗ ಅವನಪ್ಪ ಶಾಲೆಯ ಬಾಗಿಲಿಗೆ ಬಂದು, ಕೈ ಸನ್ನೆ ಮಾಡಿ ಕರೆದುಕೊಂಡು ಹೋಗಿ, ಸಾಹುಕಾರರ ದನ ಕಾಯಲು ಬಿಟ್ಟನಂತೆ. ಆಮೇಲೆ ಶಾಲೆಯೊಳಗೆ ಕಾಲಿಟ್ಟಿದ್ದು ಮಗಳು ಪವಿತ್ರಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಬಂದಾಗಲೇ. ಅದೇ ಸುಮಾರಿಗೆ ಸರ್ಕಾರ, ಶಾಲೆ ನೋಡಿಕೊಳ್ಳಲು ತಂದೆತಾಯಿಗಳದೇ ಕಮಿಟಿ ಇರಲಿ ಅಂದಿತು. ಊರಲ್ಲಿ ಯಾರಿಗೂ ಬೇಡವಾಗಿದ್ದ ಅಧ್ಯಕ್ಷಗಿರಿಯನ್ನು ಮಾದಣ್ಣನ ತಲೆಗೆ ಕಟ್ಟಿದರು. ಪಾಪ, ಅವನು ಅದನ್ನು ನಿಜವೆಂದೇ ನಂಬಿಬಿಟ್ಟ. ಒಡೆದ ಹೆಂಚು ತಾನೇ ಹತ್ತಿ ಬದಲಿಸಿದ. ಬಿಸಿಯೂಟ ಶುರುವಾದಾಗ ಊರವರನ್ನು ಕಾಡಿ ಬೇಡಿ ಕಲ್ಲು ಹೊರಿಸಿ ಅಡುಗೆಮನೆ ಎಬ್ಬಿಸಿದ. ಬೆಳಿಗ್ಗೆ ಕೊರಳಲ್ಲೊಂದು ಸೀಟಿ ತೂಗುಹಾಕಿಕೊಂಡು ಮನೆಮನೆ ಮುಂದೆ ಊದುತ್ತಾ ಮಕ್ಕಳನ್ನು ಹೊರಡಿಸುತ್ತಿದ್ದ. ಹೆಡ್ ಮಾಸ್ಟರ್ ಗುರುಸ್ವಾಮಿ ಮೇಷ್ಟ್ರಿಗೆ ಇದರಿಂದ ಭಾರೀ ಆರಾಮ. ನಾನು ಬರುವುದರೊಳಗೆ ಶಾಲೆ ತುಂಬಿರುತ್ತಿತ್ತು.

ಆದರೆ ಚೆಂಡುಹೂವಿನ ಕಾಲ ಬಂತೆಂದರೆ ಮುಗಿಯಿತು. ಆ ವರ್ಷಗಳಲ್ಲಿ ನಮ್ಮ ಕಡೆ ಬಣ್ಣ ತೆಗೆಯುವ ಕಾರ್ಖಾನೆಯವರು ಬೀಜ ಕೊಟ್ಟು ಹೂ ಬೆಳೆಸುತ್ತಿದ್ದರು. ಮಳೆಗಾಲದಲ್ಲಿ ರಸ್ತೆಯ ಎರಡೂ ಕಡೆ ಕಣ್ಣು ಕುಕ್ಕುವ ಹಳದಿ. ಬಂಡೀಪುರಕ್ಕೆ ಹೋಗುವ ಜನ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನಗೆ ಆ ಹಳದಿ ಕಂಡರೆ ಆಗುತ್ತಿರಲಿಲ್ಲ. ಹೂ ಬಲಿತ ಮೇಲೆ ಗಿಡದಲ್ಲಿ ಬಿಟ್ಟರೆ ಕೊಳೆಯುತ್ತದೆ, ಲಾರಿ ಬಂದ ದಿನ ಕೊಯ್ದಿರಲೇಬೇಕು. ಗಿಡಗಳು ಗಿಡ್ಡ, ಮಕ್ಕಳು ಬಗ್ಗದೆ ಕೊಯ್ಯುತ್ತಾರೆ. ಹಾಗಾಗಿ ಶಾಲೆಯಲ್ಲಿ ಬೆಂಚುಗಳು ಮಾತ್ರ ಇರುತ್ತಿದ್ದವು. ಹಾಜರಾತಿ ಹೀಗೇ ಕುಸಿದರೆ ಎರಡನೇ ಟೀಚರನ್ನು ಬೇರೆ ಕಡೆಗೆ ಹಾಕುತ್ತೇವೆ ಎಂದು ಮೇಲಿನವರು ಹೇಳಿಹೋದರು. ಒಬ್ಬರೇ ಮೇಷ್ಟ್ರು ಉಳಿದ ಶಾಲೆ ಏನಾಗುತ್ತದೆ ಅನ್ನುವುದು ಸುತ್ತಲಿನ ಹಳ್ಳಿಗಳಲ್ಲಿ ಎಲ್ಲರೂ ಕಂಡದ್ದೇ. ಮೀಟಿಂಗು, ಟ್ರೈನಿಂಗು, ಗಣತಿ ಅಂತ ಅವರು ಹೊರಟ ದಿನ ಬಾಗಿಲಿಗೆ ಬೀಗ.

ಆವತ್ತು ಮಾದಣ್ಣ ಶಾಲೆಯ ಜಗಲಿ ಮೇಲೆ ಊರವರನ್ನು ಸೇರಿಸಿದ.

"ಮಕ್ಕ ಯಾಕ್ ಊವ ಕುಯ್ಯಕ್ ಓಯ್ತವೆ? ಆಳ್ ಸಾಲ್ದು ಅಂತ ತಾನೆ? ರಾಗಿ ಕುಯ್ಯಕ್ಕೆ ಮುಯ್ಯಿ ಮಾಡ್ಕತೀವಿ. ಊವಕ್ ಮಾಡ್ಕಂಡ್ರೆ ಏನ್ ಗಂಟೋಯ್ತದೆ?"

ಮುಯ್ಯಿ ಅಂದರೆ ಆ ಕಡೆಯ ಹಳೆಯ ಪದ್ಧತಿ. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿ ಇಲ್ಲ, ಆಳಿಗೆ ಆಳು. ಪಡೆದ ಮುಯ್ಯಿ ತೀರಿಸದವರನ್ನು ಯಾರೂ ಬಾಯಿಬಿಟ್ಟು ಬೈಯುವುದಿಲ್ಲ, ಆದರೆ ಮುಂದೆ ಅವರ ಹೊಲದ ಬದು ತುಳಿಯುವುದೂ ಇಲ್ಲ. ಆ ಮುಯ್ಯಿಯನ್ನು ಮಾದಣ್ಣ ಶಾಲೆಗೆ ಗಂಟು ಹಾಕಿದ. ದೊಡ್ಡವರೇ ಸರದಿಯ ಮೇಲೆ ಎಲ್ಲರ ಹೊಲವನ್ನೂ ಕೊಯ್ಯುವುದು, ಮಕ್ಕಳು ಶಾಲೆಯಲ್ಲಿರುವುದು. ಯಾವ ಮನೆಯವರು ಮಗುವನ್ನು ಹೂವಿಗೆ ಇಳಿಸುತ್ತಾರೋ ಆ ಮನೆ ಮುಯ್ಯಿಯಿಂದ ಆಚೆಗೆ.

ನಡೆಯಿತು ಕಣ್ರೀ! ನಾನು ನಂಬಿರಲಿಲ್ಲ, ಆದರೆ ನಡೆಯಿತು. ಬೆಳಿಗ್ಗೆ ಮಾದಣ್ಣ ಜಗಲಿ ಮೇಲೆ ನಿಂತು ಇಂದು ಯಾರ ಹೊಲ ಅಂತ ಕೂಗುವುದು, ಗಂಡಸರು ಹೆಂಗಸರು ಗೋಣಿಚೀಲ ಹಿಡಿದು ಆ ಕಡೆ, ಮಕ್ಕಳು ಸ್ಲೇಟು ಹಿಡಿದು ಈ ಕಡೆ. ಆ ವರ್ಷ ಹೂವಿನ ಕಾಲದಲ್ಲಿ ನನ್ನ ನಾಲ್ಕನೇ ಕ್ಲಾಸಿನ ಮಕ್ಕಳು ಭಾಗಾಕಾರ ಕಲಿತರು. ಎಷ್ಟು ಖುಷಿಯಾಗಿತ್ತೆಂದರೆ ಹಂಗಳದ ಬಸ್ ಸ್ಟಾಪಿನಲ್ಲಿ ಗುರುತಿಲ್ಲದವರಿಗೆಲ್ಲ ಹೇಳಿಕೊಂಡೆ.

ಎಡವಟ್ಟಾದದ್ದು ಮರುವರ್ಷ. ಊರ ಕೊನೆಯ ಮನೆಯ ಮೂಗಮ್ಮನ ಗಂಡ ಪುಟ್ಟಮಾದು ಕಾಡಂಚಿನ ಮದ್ದೂರಿನ ಕಡೆಯಿಂದ ಬೈಕಿನಲ್ಲಿ ಬರುವಾಗ ಕಾಡುಹಂದಿ ಅಡ್ಡ ನುಗ್ಗಿ ಬಿದ್ದು ತೊಡೆಮೂಳೆ ಮುರಿದುಕೊಂಡ. ಮೂಗಮ್ಮ ಅವನ ಜೊತೆ ಮೈಸೂರಿನ ಆಸ್ಪತ್ರೆಗೆ ಹೊರಟಳು. ಅಷ್ಟರಲ್ಲಾಗಲೇ ಅವಳ ಹೊಲದ ಒಂದು ಕೊಯ್ಲನ್ನು ಊರವರು ಮಾಡಿಕೊಟ್ಟಿದ್ದರು. ಅವಳು ತೀರಿಸಬೇಕಿದ್ದ ಸರದಿ ರಂಗನಾಯಕನ ಹೊಲದ್ದು. ಬೇರೆ ಯಾವ ಊರಿನ ಹೆಂಗಸಾದರೂ ಗಂಡನ ಕಾಲು ಮುರಿದ ಹೊತ್ತಿನಲ್ಲಿ ಹೂವನ್ನು ಮರೆಯುತ್ತಿದ್ದಳು. ಸೀಗೆಹುಂಡಿಯವಳು ಮರೆಯಲಿಲ್ಲ. ಬಸ್ಸು ಹತ್ತುವ ಗಡಿಬಿಡಿಯಲ್ಲೂ ಮಗಳು ಚಾಮುಂಡಿಗೆ ಹೇಳಿ ಹೋದಳು, ನನ್ನ ಬದಲು ನೀನು ಹೋಗಿ ಮುಯ್ಯಿ ತೀರಿಸು ಅಂತ.

ಚಾಮುಂಡಿ ನನ್ನ ಕ್ಲಾಸಿನ ಹುಡುಗಿ. ಆವತ್ತು ಬರಲಿಲ್ಲವಲ್ಲ ಅಂದುಕೊಳ್ಳುತ್ತಿರುವಾಗಲೇ ಮಾದಣ್ಣ ಅವಳ ಕೈ ಹಿಡಿದುಕೊಂಡು ಬಾಗಿಲಿಗೆ ಬಂದ. ಅವಳ ಬೆರಳೆಲ್ಲ ಹಳದಿ, ಮುಖದಲ್ಲಿ ಕಣ್ಣೀರು ಒರೆಸಿಕೊಂಡ ಕಡೆಯೂ ಹಳದಿ.

"ನಮ್ಮವ್ವ ಮುಯ್ಯಿ ತೀರ್ಸ್ಬುಟ್ಟು ಬಾ ಅಂದೌಳೆ ಮಿಸ್. ಅರ್ದಕ್ಕೇ ಎಬ್ಬುಸ್ಕಂಡು ಬಂದ್ಬುಟ್ರು. ತೀರುಸ್ದೆ ಇದ್ರೆ ನಮ್ಮೊಲಕ್ಕೆ ಯಾರೂ ಬರಾಕಿಲ್ಲ" ಎಂದು ಬಿಕ್ಕಿದಳು.

ಕೆಲವು ದಿನ ಕಳೆದು ಮೂಗಮ್ಮ ಗಂಡನನ್ನು ಕರೆದುಕೊಂಡು ವಾಪಸು ಬಂದ ಮೇಲೆ ಜಗಲಿ ಮೇಲೆ ಪಂಚಾಯ್ತಿ. ರಂಗನಾಯಕ ಮೊದಲೇ ಬಾಯಿ ಮಾಡುವವನು. "ಇವ್ಳ ಮಗ್ಳು ಊವ ಕುಯ್ದ್ರೆ ಸರಿ, ನನ್ ಮಕ್ಕ ಕುಯ್ದ್ರೆ ತಪ್ಪಾ? ಏಳ್ಲಾ ಮಾದಣ್ಣ, ಊರ್ಗೆಲ್ಲ ಒಂದೇ ಕಟ್ಟೋ, ಇಲ್ಲ ಮನೆಗೊಂದೋ?"

ಮೂಗಮ್ಮ ಕಂಬ ಹಿಡಿದು ನಿಂತಿದ್ದಳು. "ಮುಯ್ಯಿ ಉಳುಸ್ಕೋಬಾರ್ದು ಅಂತ ಕಳುಸ್ದೆ ಕಣಣ್ಣ. ಉಳುಸ್ಕಂಡಿದ್ರೆ ಏನಂತಿದ್ರಿ?"

"ನನ್ನ ಒಂದ್ ಮಾತ್ ಕೇಳಿದ್ರೆ ನಿನ್ ಬದ್ಲು ನಾನೇ ಓಯ್ತಿದ್ನಲ್ಲವ್ವ" ಎಂದ ಮಾದಣ್ಣ.

"ಗಂಡುನ್ನ ಎತ್ಕಂಡು ಓಡೋವಾಗ ನಿನ್ನ ಉಡುಕ್ಕಂಡು ಬರ್ಬೇಕಿತ್ತಾ?"

ನಾನು ಗುರುಸ್ವಾಮಿ ಮೇಷ್ಟ್ರ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ "ಕಮಿಟಿ ತೀರ್ಮಾನ ಕಮಿಟಿದು" ಅಂದರು. ಆ ಕನ್ನಡಕ ಕಿತ್ತು ಎಸೆಯೋಣ ಅನ್ನಿಸಿತು ನನಗೆ. "ತಪ್ಪು ಅಂತ ಹೇಳೋಕೆ ನಿಮಗೆ ನಾಚಿಕೆ ಆಗಲ್ವಾ? ಎಲ್ಲರಿಗಿಂತ ನಿಯತ್ತಾಗಿ ನಡೆದುಕೊಂಡವಳು ಅವಳೊಬ್ಬಳೇ" ಎಂದು ಸೇರಿದವರೆಲ್ಲರ ಮೇಲೆ ಕೂಗಾಡಿದೆ. ಗಂಟಲು ಕಟ್ಟಿದ್ದೇ ಬಂತು. ಮಾದಣ್ಣ ತಲೆ ಬಗ್ಗಿಸಿಕೊಂಡು, ಕಟ್ಟು ಅಂದರೆ ಕಟ್ಟು, ಈ ವರ್ಷಕ್ಕೆ ಮೂಗಮ್ಮನ ಮನೆ ಮುಯ್ಯಿಯಿಂದ ಆಚೆಗೆ ಅಂದ.

ಆಮೇಲೆ ಅಡುಗೆಮನೆ ಹಿಂದೆ ಅವನನ್ನು ಹಿಡಿದು ಚೆನ್ನಾಗಿ ಬೈದೆ. ನಿಮಗೆ ಕರುಳಿದೆಯಾ ಅಂತಲೂ ಕೇಳಿದೆ.

"ಒಂದ್ ಮನೆಗೆ ಬುಟ್ಟೆ ಅಂದ್ರೆ ನಾಳೀಕೆ ಇಡೀ ಊರ್ಗೇ ಬುಡ್ಬೇಕಾಯ್ತದೆ ಮೇಡಮ್ಮೋರೇ. ಎಲ್ರೂ ಮಕ್ಕಳ್ನ ಎಬ್ಬುಸ್ಕಂಡ್ ಓಯ್ತರೆ. ಆಮೇಕೆ ನಿಮ್ಮುನ್ನ ಎತ್ತಾಕ್ಬುಡ್ತರೆ. ಇಸ್ಕೂಲು ಓಯ್ತದೆ" ಎಂದ. ಶಾಲೆ ಉಳಿಯಬೇಕು ಅನ್ನುವುದೊಂದು ಬಿಟ್ಟು ಅವನ ತಲೆಯಲ್ಲಿ ಇನ್ನೇನೂ ಇರಲಿಲ್ಲ. ಅದೇ ದೊಡ್ಡ ತೊಂದರೆ.

ಹಟಕ್ಕೆ ಬಿದ್ದು ಭಾನುವಾರ ನಾನೇ ಮೂಗಮ್ಮನ ಹೊಲಕ್ಕೆ ಹೂ ಕೊಯ್ಯಲು ಹೋದೆ. ನನ್ನ ಪ್ರತಾಪವನ್ನು ಹೇಳದಿರುವುದೇ ವಾಸಿ. ಉದ್ದುದ್ದ ತೊಟ್ಟಿನ ಸಮೇತ ಕಿತ್ತು ಚೀಲ ತುಂಬಿದೆ, ಲಾರಿಯವನು ತೊಟ್ಟು ನೋಡಿ ಚೀಲವನ್ನು ಪಕ್ಕಕ್ಕೆಸೆದ. ಮೂಗಮ್ಮ ಬೈಯಲಿಲ್ಲ, ಪುಟ್ಟಮಾದುವಿಗೆ ಗಂಜಿ ಕುಡಿಸಲು ಒಳಗೆ ಹೋದಳು. ಮೂರು ಮಕ್ಕಳು, ಮಲಗಿದ ಗಂಡ, ಒಬ್ಬಳೇ ಹೆಂಗಸು. ಆ ವಾರ ಬಿಡದೆ ಸೋನೆ ಹಿಡಿಯಿತು. ಅವಳ ಹೊಲದ ಹೂವೆಲ್ಲ ಗಿಡದಲ್ಲೇ ಕಪ್ಪಾಗಿ ಕೊಳೆತು, ಶಾಲೆಯ ಕಿಟಕಿಯವರೆಗೆ ನಾತ ಬರುತ್ತಿತ್ತು.

ಮೂಗಮ್ಮ ಮನೆಗೆ ಬೀಗ ಹಾಕಿದಳು. ವೈನಾಡಿನ ಶುಂಠಿ ಹೊಲಕ್ಕೆ ಆಳು ಒಯ್ಯುವ ಜೀಪಿನಲ್ಲಿ ಗಂಡನನ್ನು ಮಲಗಿಸಿ, ಮಕ್ಕಳನ್ನು ಹತ್ತಿಸಿಕೊಂಡು ಹೊರಟುಹೋದಳು. ಅವಳಿಗಾದ ಅವಮಾನ ನಮಗೂ ಆದ ಹಾಗೆ ಅಂತ ಅವಳ ಅಣ್ಣತಮ್ಮಂದಿರ ಮನೆಯವರೂ ಮಕ್ಕಳುಮರಿ ಕಟ್ಟಿಕೊಂಡು ಹಿಂದೆಯೇ ಹೋದರು. ಶಾಲೆಯಲ್ಲಿ ಒಂದು ಸಾಲು ಖಾಲಿಯಾಯಿತು. ಯಾವುದಕ್ಕೆ ಹೆದರಿ ಮಾದಣ್ಣ ಅಷ್ಟು ಗಟ್ಟಿಯಾಗಿ ನಿಂತನೋ ಅದೇ ಆಯಿತು. ಮಕ್ಕಳು ಕಡಿಮೆಯಾದರು ಅಂತ ನನ್ನನ್ನು ಚಾಮರಾಜನಗರದ ಪಕ್ಕದ ಊರಿಗೆ ಹಾಕಿದರು. ಮನೆಗೆ ಹತ್ತಿರವಾಯಿತು, ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನಾನು ಹಿತ್ತಲಿಗೆ ಹೋಗಿ ಅತ್ತೆ.

ನಾನು ಆ ಶಾಲೆಯಿಂದ ಬಿಡುಗಡೆಯಾಗಿ ಬರುವ ಮುನ್ನ ಮಾದಣ್ಣ ಒಂದು ಪ್ರಯತ್ನ ಮಾಡಿದ್ದ. ಯಾರ್ಯಾರನ್ನೋ ಕೇಳಿಕೊಂಡು ಕೇರಳದ ಗಡಿಯ ಮುತ್ತಂಗ ದಾಟಿ, ಆ ಶುಂಠಿ ಹೊಲ ಹುಡುಕಿ, ಮೂಗಮ್ಮನ ಎದುರು ಕೈಮುಗಿದು ನಿಂತನಂತೆ. ತಪ್ಪಾಯಿತು, ವಾಪಸು ಬಾ, ನಿನ್ನ ಹೊಲಕ್ಕೆ ನಾನೊಬ್ಬನೇ ದುಡಿಯುತ್ತೇನೆ ಅಂದನಂತೆ. ಅವಳು ಅವನಿಗೆ ಅನ್ನ ಹಾಕಿ, ಉಂಡಾದ ಮೇಲೆ ಹೇಳಿದ್ದನ್ನು ಅವನೇ ನನಗೆ ಹೇಳಿದ: "ಅಲ್ಲಿ ನನ್ ಮಗ್ಳು ಕೆಲ್ಸ ಮಾಡುದ್ರೆ ತಪ್ಪು ಅಂದ್ರಿ. ಇಲ್ಲಿ ಯಾರೂ ತಪ್ಪು ಅನ್ನಾಕಿಲ್ಲ. ಓಗಣ್ಣ, ಬಸ್ ತಪ್ಪೋದಾತು." ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.

ಮುಂದಿನ ವರ್ಷ ಹೂವಿನ ಕಾಲದಲ್ಲಿ ಗುಂಡ್ಲುಪೇಟೆಗೆ ಒಂದು ಮದುವೆಗೆ ಹೋದವಳು, ಮನಸ್ಸು ತಡೆಯದೆ ಹಂಗಳದ ಬಸ್ಸು ಹತ್ತಿದೆ. ಯಾರೂ ಚೀಲ ಇಸಿದುಕೊಳ್ಳಲು ಬರಲಿಲ್ಲ. ಶಾಲೆಗೆ ಬೀಗ ಬಿದ್ದಿತ್ತು. ಮೇಷ್ಟ್ರು ಮೀಟಿಂಗಿಗೆ ಹೋಗಿದ್ದಾರೆ, ಈ ವಾರವೆಲ್ಲ ಹೀಗೇ ಎಂದು ಜಗಲಿ ಮೇಲೆ ಕೂತಿದ್ದ ಮುದುಕಿಯೊಬ್ಬಳು ಅಂದಳು. ದೊಡ್ಡವರೆಲ್ಲ ಎಲ್ಲಿ ಅಂದರೆ, ಮೂಗಮ್ಮನ ಮನೆಯವರು ಹೋದ ದಾರಿಯಲ್ಲೇ ಕೂಲಿಗೆ ಕೇರಳಕ್ಕೆ, ಸಂಜೆ ಜೀಪಿನಲ್ಲಿ ಬರುತ್ತಾರೆ.

ರಂಗನಾಯಕನ ಹೊಲದಿಂದ ಮಕ್ಕಳ ಗಲಾಟೆ ಕೇಳಿಸುತ್ತಿತ್ತು. ಹೋಗಿ ನೋಡಿದೆ. ನನ್ನ ಮಕ್ಕಳೆಲ್ಲ ಅಲ್ಲೇ ಇದ್ದರು. ಕ್ಲಾಸಿನಲ್ಲಿ ಕೂರುತ್ತಿದ್ದ ಹಾಗೆಯೇ ಸಾಲಾಗಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಹೂ ಕೊಯ್ಯುತ್ತಿದ್ದರು. ಮೊದಲ ಸಾಲಿನಲ್ಲಿ ಮಾದಣ್ಣನ ಪವಿತ್ರ. ನನ್ನನ್ನು ಕಂಡದ್ದೇ "ಮಿಸ್ ಬಂದ್ರು!" ಅಂತ ಕುಣಿದಳು.

"ಇದೇನಮ್ಮಿ, ನಿಮ್ಮ ಹೊಲ ಅಲ್ವಲ್ಲ ಇದು?"

"ಮುಯ್ಯಿ ಮಿಸ್. ಇವತ್ತು ಇವ್ರುದು, ನಾಳೆ ನಮ್ದು. ನಾನ್ ಬರ್ನಿಲ್ಲ ಅಂದ್ರೆ ನಮ್ಮೊಲಕ್ಕೆ ಯಾರೂ ಬರಲ್ಲ." ಎಷ್ಟು ಹುರುಪಿನಿಂದ ಹೇಳಿದಳೆಂದರೆ, ಪಾಠ ಒಪ್ಪಿಸಿದ ಮೇಲೆ ಶಹಬ್ಬಾಸ್‌ಗಿರಿಗೆ ಕಾಯುವ ಮಗುವಿನ ಹಾಗೆ ನನ್ನನ್ನೇ ನೋಡುತ್ತಾ ನಿಂತಳು.

ಬದುವಿನ ಮೇಲೆ ಮಾದಣ್ಣ ತುಂಬಿದ ಚೀಲಗಳ ಬಾಯಿ ಹೊಲಿಯುತ್ತಿದ್ದ. ಯಾವ ಮಗು ಯಾವ ಸಾಲು ಹಿಡಿಯಬೇಕು ಅಂತ ಕೂಗಿ ಹೇಳುತ್ತಿದ್ದವನೂ ಅವನೇ. ನನ್ನನ್ನು ನೋಡಿ ಎದ್ದು ನಿಂತ, ಕೈಯಲ್ಲಿ ದಬ್ಬಳ ಹಾಗೇ ಇತ್ತು.

"ದೊಡ್ಡೋರು ಆ ಕಡೀಕೆ ಓದ್ರು. ಇಸ್ಕೂಲು ಬಾಗ್ಲು ತೆಗೆಯಾಕಿಲ್ಲ. ಮಕ್ಕ ಸುಮ್ಕೆ ಅಲೀತಿದ್ದೋ. ಮುಯ್ಯಿ ಮಕ್ಕಳ್ಮೇಲೆ ಬಂತು. ಯಾರ್ ಮನೆ ಸರದಿ ಅಂತ ಗೊತ್ತಿದ್ದೋನು ನಾನೇ ತಾನೇ, ನನ್ನೇ ಕರುದ್ರು" ಎಂದ. ದಬ್ಬಳವನ್ನು ಚೀಲಕ್ಕೆ ಚುಚ್ಚಿಟ್ಟು, "ಬೈರಿ ಮೇಡಮ್ಮೋರೇ. ಊರಲ್ಲಿ ಒಬ್ರೂ ಬೈನಿಲ್ಲ. ನೀವಾದ್ರೂ ಬೈರಿ" ಎಂದ.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ರಸ್ತೆಯಲ್ಲಿ ಲಾರಿ ಹಾರನ್ ಹೊಡೆಯಿತು. "ಬೇಗ ಕಣ್ರಮ್ಮಿ, ಬೇಗ" ಎನ್ನುತ್ತಾ ಮಾದಣ್ಣ ಚೀಲ ಹೆಗಲಿಗೇರಿಸಿದ, ಮಕ್ಕಳು ಮತ್ತೆ ಹೂವಿಗೆ ಕೈಹಾಕಿದರು.