ಮಾವ ಕೇಳಿಸಿಕೊಂಡ ಕುಸ್ತಿ ಕಂಪನಿಯ ಪುಸ್ತಕ

ನಮ್ಮ ಮಾವನವರ ಬಲಗಿವಿಯಲ್ಲಿ ಯಾವಾಗಲೂ ಸಣ್ಣದೊಂದು ಹತ್ತಿಯ ಉಂಡೆ ಇರುತ್ತಿತ್ತು. ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಚೂರು ಹತ್ತಿಯನ್ನು ಬೆರಳ ತುದಿಯಲ್ಲಿ ಉರುಟು ಮಾಡಿ ಕಿವಿಗೆ ಇಟ್ಟುಕೊಂಡರೆ ಅವರ ದಿನ ಶುರುವಾದಂತೆ. ರಾಣೆಬೆನ್ನೂರಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಅವರು ಮೇಸ್ತ್ರಿಯಾಗಿದ್ದರು. ಯಂತ್ರದ ಗದ್ದಲಕ್ಕೆಂದು ಹಿಡಿದ ಅಭ್ಯಾಸ ಅದು. ಫ್ಯಾಕ್ಟರಿ ಮುಚ್ಚಿ ಎಷ್ಟೋ ವರ್ಷಗಳಾದರೂ, ಆ ಕಿವಿ ಪೂರ್ತಿ ಕೇಳದಂತಾಗಿ ಇನ್ನೊಂದೂ ಮಂದವಾದರೂ, ಹತ್ತಿಯನ್ನು ಮಾತ್ರ ಬಿಡಲಿಲ್ಲ. "ಈಗ್ಯಾಕ್ರಿ ಮಾವಾರ ಅದು?" ಎಂದು ಒಮ್ಮೆ ಕೇಳಿದ್ದೆ. "ಇಲ್ಲಂದ್ರ ಬರೇ ಬಾಗಲಾ ತಗದ ಇಟ್ಟಂಗ ಆಕ್ಕೈತವ್ವಾ," ಎಂದಿದ್ದರು.

ಮದುವೆಯಾಗಿ ಆ ಮನೆಗೆ ಬಂದ ಮೊದಮೊದಲ ವರ್ಷಗಳಲ್ಲಿ ನಮ್ಮಿಬ್ಬರ ನಡುವೆ ಇದ್ದ ಮಾತೆಂದರೆ ಊಟ, ಚಹಾ, ಗುಳಿಗೆ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನಾನು ಬ್ಯಾಡಗಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಸೀನುತ್ತ ಹೋಗಿ ಸೀನುತ್ತ ಬರುತ್ತೇನೆ. ಸಂಜೆ ಬರುವಾಗ ಓಣಿಯ ತುದಿಗೇ ನಮ್ಮನೆಯ ಟಿವಿ ಕೇಳುತ್ತಿತ್ತು. ಮಾವ ಅಮೆರಿಕದ ಕುಸ್ತಿ ನೋಡುತ್ತಿದ್ದರು. ಬಣ್ಣದ ಚಡ್ಡಿ, ಹೊಗೆ, ಕುರ್ಚಿ ಎತ್ತಿ ಹೊಡೆದಾಟ. ಪಲ್ಲಂಗದ ಅಂಚಿಗೆ ಕುಳಿತ ಆ ತೆಳ್ಳನೆಯ ಮುದುಕ, ಯಾರಾದರೂ ದೊಪ್ಪನೆ ಬಿದ್ದರೆ ತಾನೇ ಬಿದ್ದಂತೆ "ಯಪ್ಪಾ" ಅನ್ನುತ್ತಿದ್ದರು.

"ಅಪ್ಪಾ, ಯಾರು ಗೆಲ್ಲಬೇಕು, ಯಾರು ಸೋಲಬೇಕು ಅಂತ ಮೊದ್ಲ ಮಾತಾಡ್ಕೊಂಡಿರ್ತಾರ. ಎಲ್ಲಾ ನಾಟಕ," ಎಂದು ನನ್ನ ಗಂಡ ರೇಗಿಸುತ್ತಿದ್ದರು.

"ಇರ್ಲಿ ಬಿಡೋ. ಬಿದ್ದಿದ್ದು ಖರೇ ಐತಲ್ಲ?" ಎಂಬುದು ಮಾವನ ಉತ್ತರ.

ಒಮ್ಮೆ ಹುಬ್ಬಳ್ಳಿಗೆ ಹೋದಾಗ ಹಳೇ ಪುಸ್ತಕ ಹರವಿಕೊಂಡು ಕೂತಿದ್ದವನ ಬಳಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಕಂಡಿತು. ಒಂದು ಕಾಲಕ್ಕೆ ಮೆರೆದ ಕುಸ್ತಿ ಕಂಪನಿಯೊಂದು ಹೇಗೆ ಮುಳುಗಿತು ಎಂಬ ವೃತ್ತಾಂತ. ಮುಖಪುಟದಲ್ಲಿ ಬೆವೆತ ಪೈಲ್ವಾನನೊಬ್ಬನ ಚಿತ್ರವಿತ್ತು. ಮಾವನಿಗೆಂದು ತಂದೆ. ಅವರು ಚಿತ್ರದ ಮೇಲೆ ಅಂಗೈ ಆಡಿಸಿದರು. "ಈ ಕಂಪನಿ ಟಿವಿಯಾಗ ಬರ್ತಿತ್ತವ್ವಾ. ಒಮ್ಮಿಂದೊಮ್ಮೆಲೆ ಬರೋದ ನಿಂತುಬಿಡ್ತು. ಯಾಕಂತ ಯಾರೂ ಹೇಳ್ಲಿಲ್ಲ. ನೀ ಓದಿ ಹೇಳ್ತಿಯೇನು?"

ಹೀಗೆ ಶುರುವಾಯಿತು. ಸಂಜೆ ಚಹಾ ಕುಡಿದು ಮನೆ ಮುಂದಿನ ಕಟ್ಟೆಯ ಮೇಲೆ ಕೂರುವುದು. ನಾನು ಇಂಗ್ಲಿಷಿನಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳುವುದು. ಅವರಿಗೆ ಕೇಳಬೇಕೆಂದರೆ ಎಡಗಿವಿಗೆ ಬಾಗಿ ಕೂಗಬೇಕು. ನಾನು ಕೂಗಿದ್ದು ಓಣಿಗೆಲ್ಲ ಕೇಳುತ್ತಿತ್ತು. ಎದುರು ಮನೆಯ ಬಳೆ ಅಂಗಡಿಯ ಚಾಚಿ ಮೊದಲು ಬಾಗಿಲಲ್ಲಿ ನಿಂತು ಕೇಳಿದರು. ಆಮೇಲೆ ಕಾಯಿಪಲ್ಲೆ ಸೋಸುವ ಬುಟ್ಟಿ ಹಿಡಿದುಕೊಂಡು ನಮ್ಮ ಕಟ್ಟೆಗೇ ಬಂದು ಕೂರತೊಡಗಿದರು.

ಚಾಚಿಗೆ ಕುಸ್ತಿಯ ಗಂಧಗಾಳಿ ಇರಲಿಲ್ಲ. ಅಭಿಪ್ರಾಯಕ್ಕೇನೂ ಕೊರತೆಯಿರಲಿಲ್ಲ. ಕಂಪನಿಯ ದೊಡ್ಡ ಪೈಲ್ವಾನರು ತಾವೇ ಗೆಲ್ಲಬೇಕೆಂದು ಹಟ ಹಿಡಿದು ಹೊಸಬರನ್ನು ಮೇಲೆ ಬರಲು ಬಿಡಲಿಲ್ಲ ಎಂದು ನಾನು ಹೇಳಿದರೆ, "ಹಂಗ ಆಗ್ತೈತಿ ಬೇಟಿ. ನಮ್ಮ ಅತ್ತೀನೂ ಹಂಗ ಇದ್ಲು. ಸಾಯೋತನಾ ಸೌಟ ಬಿಡ್ಲಿಲ್ಲ," ಅನ್ನುವರು. ಮಾವ "ಏನಂದ್ಲು?" ಎಂದು ನನ್ನ ಕಡೆ ತಿರುಗುವರು. ನಾನು ಅದನ್ನೂ ಕೂಗಿ ಹೇಳಬೇಕು. ಓಣಿಯೆಲ್ಲ ನಗುತ್ತಿತ್ತು.

ಒಂದು ಸಂಜೆ ಮಾವ ಕೇಳಿದರು: "ಇದನ್ನ ಓದಿದ ಮಂದಿ ಏನಂತಾರವ್ವಾ?" ಫೋನ್ ತೆಗೆದು ಹುಡುಕಿದೆ. ಎಲ್ಲೆಲ್ಲಿಯದೋ ಓದುಗರು ಬರೆದಿದ್ದರು. ಒಬ್ಬ ಪುಸ್ತಕ ಬಹಳ ಚೆನ್ನಾಗಿದೆ ಅಂದಿದ್ದ. ಒಬ್ಬ, ವ್ಯವಹಾರದ ಮಾತೇ ಹೆಚ್ಚಾಗಿ ಕುಸ್ತಿ ಕಡಿಮೆಯಾಯಿತು ಅಂದಿದ್ದ. ಇನ್ನೊಬ್ಬನಿಗೆ ತನ್ನ ಮೆಚ್ಚಿನ ಪೈಲ್ವಾನನನ್ನು ಬೈದಿದ್ದಾರೆಂದು ಸಿಟ್ಟು. ಮಾವನಿಗೆ ಇದು ಪುಸ್ತಕಕ್ಕಿಂತ ರುಚಿಸಿತು. ದಿನಾ ಓದು ಮುಗಿದ ಮೇಲೆ "ಇವತ್ತಿಂದಕ್ಕ ಮಂದಿ ಏನಂದಾರ ನೋಡು" ಅನ್ನುವರು. "ಇಂವಾ ಪೂರಾ ಓದಿಲ್ಲವ್ವಾ, ಸುಮ್ನ ಬರದಾನ," ಎಂದು ಯಾವನೋ ಪರದೇಶಿಯನ್ನು ತಳ್ಳಿಹಾಕುವರು.

ಕೊನೆಗೆ ಕಂಪನಿ ಮಾರಾಟವಾಗುವ ಅಧ್ಯಾಯ ಬಂತು. ಮೇಲಿನ ಕೆಲವರಿಗೆ ಮೊದಲೇ ಗೊತ್ತಿತ್ತು; ಉಳಿದವರು ಎಂದಿನಂತೆ ಕೆಲಸಕ್ಕೆ ಬಂದು ನಿಂತಾಗ ಸುದ್ದಿ ಕೇಳಿದರು ಎಂದಿತ್ತು. ಮಾವ ಕೈ ಎತ್ತಿದರು. "ಸಾಕವ್ವಾ ಇವತ್ತಿಗೆ." ಎದ್ದು ಒಳಗೆ ಹೋದರು. ಮರುದಿನ ಕಟ್ಟೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. "ಅಣ್ಣಾರಿಗೆ ಮೈಯಾಗ ಆರಾಮಿಲ್ಲೇನು?" ಎಂದು ಚಾಚಿ ಕೇಳಿದರು.

ಚಹಾ ಕೊಡಲು ಹೋದಾಗ ಮಾವ ತಾವೇ ಹೇಳಿದರು. ಫ್ಯಾಕ್ಟರಿ ಮುಚ್ಚುವ ವಿಷಯ ಮಾಲೀಕ ಅವರೊಬ್ಬರಿಗೇ ಹೇಳಿದ್ದನಂತೆ. ಸುಗ್ಗಿ ಮುಗಿಯುವವರೆಗೆ ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದು ಮಾತು ತೆಗೆದುಕೊಂಡಿದ್ದನಂತೆ. ಅದೇ ಹೊತ್ತಿಗೆ, ಹತ್ತಿಯನ್ನು ಒತ್ತಿ ಬೇಲ್ ಕಟ್ಟುವ ಪ್ರೆಸ್ಸಿನಲ್ಲಿದ್ದ ಹಲಗೇರಿಯ ಗೆಳೆಯನಿಗೆ ದಾವಣಗೆರೆಯ ಮಿಲ್ಲಿನಿಂದ ಕರೆ ಬಂದಿತ್ತು.

"ಹೋಗ್ಲ್ಯಾ, ಬಿಡ್ಲ್ಯಾ ಅಂತ ನನ್ನ ಕೇಳಿದ. ಇಲ್ಲೇ ಇರು ಅಂದೆ ಯವ್ವಾ. ಗೊತ್ತಿದ್ದೂ ಅಂದೆ. ಅಂವಾ ಹೋದ್ರ ಉಳದವ್ರಿಗೂ ಸಂಶೆ ಬರ್ತಿತ್ತು."

ಮುಚ್ಚಿದ ಮೇಲೆ ಆ ಗೆಳೆಯ ಕಂಡವರ ಹೊಲದಲ್ಲಿ ಕೂಲಿ ಮಾಡಿದರಂತೆ. ಮಾವ ಅವರ ಕಣ್ಣಿಗೆ ಬೀಳದಂತೆ ತಿರುಗಾಡಿದ್ದರು.

"ಹಲಗೇರಿ ಏನು ದೂರೈತ್ರಿ ಮಾವಾರ," ಅಂದೆ. ಭಾನುವಾರ ಬಸ್ಸು ಹತ್ತಿದೆವು.

ಮಾವನ ಆ ಗೆಳೆಯ, ಅವರದೇ ವಯಸ್ಸಿನ ಹಿರಿಯರು, ಮನೆಯ ಪಡಸಾಲೆಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕುಳಿತಿದ್ದರು. ಕುಡಿಯಲು ಕೊಟ್ಟ ನೀರನ್ನೂ ಮುಟ್ಟದೆ, ಮಾವ ನಿಂತೇ ಎಲ್ಲ ಹೇಳಿದರು. ಆ ಹಿರಿಯರು ಎಣ್ಣೆಯ ಬಟ್ಟಲನ್ನೇ ನೋಡುತ್ತಿದ್ದರು. ಅದನ್ನು ಪಕ್ಕಕ್ಕೆ ಸರಿಸಿ ಸಣ್ಣ ದನಿಯಲ್ಲಿ ಏನೋ ಅಂದರು. ಮಾವನಿಗೆ ಕೇಳಲಿಲ್ಲ. "ಏನಂದ?" ಎಂದು ನನ್ನ ಕಡೆ ತಿರುಗಿದರು.

ಬೇರೇನಾದರೂ ಹೇಳಿಬಿಡಲೇ ಅನ್ನಿಸಿತು. ಮಾವ ಎಡಗಿವಿ ಮುಂದೆ ಮಾಡಿಕೊಂಡು ಕಾಯುತ್ತಿದ್ದರು. ಬಾಗಿ, ಇದ್ದದ್ದನ್ನು ಇದ್ದಂತೆ ಕೂಗಿದೆ: "ಇಷ್ಟ ವರ್ಷ ಆದಮ್ಯಾಲೆ ಹೇಳಿ ನಿನ್ನ ಎದಿ ಹಗುರ ಮಾಡ್ಕೊಂಡಿ, ನಂದು ಏನ್ ಮಾಡ್ಲಿ, ಅಂತಾರ!"

ಮಾವ ತಲೆಯಾಡಿಸಿದರು. "ಹೌದಪಾ," ಅಂದರು.

ಹಿರಿಯರು ಮೊದಲ ಸಲ ಮುಖ ಎತ್ತಿದರು. "ಕಿವಿ ಹೋತೇನು ಮೇಸ್ತ್ರಿ?"

ಇದನ್ನೂ ಕೂಗಿದೆ. "ಹೋತು," ಅಂದರು ಮಾವ.

"ಕುಂದರು," ಅಂದರು ಅವರು. ಒಳಗೆ ತಿರುಗಿ ಚಹಾ ಮಾಡಲು ಹೇಳಿದರು.

ಚಹಾ ಬರುವಷ್ಟರಲ್ಲಿ, ಮಾವ ಇಲ್ಲಿಗೆ ಬರಲು ಕಾರಣವಾದ ಪುಸ್ತಕದ ವಿಷಯ ನಾನೇ ತೆಗೆದೆ. ಅದು ನನ್ನ ಚೀಲದಲ್ಲೇ ಇತ್ತು. "ಆ ಕಂಪನಿದು ಮುಂದೇನಾತು?" ಎಂದು ಹಿರಿಯರು ಕೇಳಿದರು. ಉಳಿದಿದ್ದ ಕೊನೆಯ ಅಧ್ಯಾಯವನ್ನು ಆ ಪಡಸಾಲೆಯಲ್ಲಿ ಇಬ್ಬರಿಗೂ ಓದಿ ಹೇಳಿದೆ. ಮುಗಿದ ಮೇಲೆ ಹಿರಿಯರು ಚಹಾದ ಕಪ್ಪು ಕೆಳಗಿಟ್ಟು, "ಪೈಲ್ವಾನರ ಕತಿ ಬರದಾನ, ಮಾಲಕರ ಕತಿ ಬರದಾನ. ಆ ರಿಂಗ್ ಕಟ್ಟಾವ್ರು, ಲೈಟ್ ಹಚ್ಚಾವ್ರು ಎಲ್ಲಿ ಹೋದ್ರಂತ?" ಅಂದರು.

ಮಾವ ಬಸ್ಸಿನಲ್ಲಿ ಬರುವಾಗ ಅಂದರು: "ಯವ್ವಾ, ಆ ಮಂದಿ ಬರದಾರಲ್ಲ, ಅದರ ಕೆಳಗ ನಂದೂ ಬರಿ." ಅವರು ಹೇಳಿದ್ದನ್ನು ಆ ರಾತ್ರಿಯೇ ಇಂಗ್ಲಿಷಿನಲ್ಲಿ ಹಾಕಿದೆ. ಅವರ ಮಾತು ಇಷ್ಟು: "ಪುಸ್ತಕ ಚಲೋ ಐತಿ. ರಿಂಗ್ ಕಟ್ಟಾವ್ರನ್ನ ಕೇಳಿಲ್ಲ ಅಂತ ನನ್ನ ದೋಸ್ತ ಹೇಳ್ಯಾನ. ಗೊತ್ತಿದ್ದೂ ಸುಮ್ನಿದ್ದವ್ರನ್ನೂ ಯಾರೂ ಕೇಳಿಲ್ಲ. ಕೇಳಿದ್ರ ಹೇಳ್ತಿದ್ರು."

ಆಮೇಲೆ ಆ ಹಿರಿಯರು ರಾಣೆಬೆನ್ನೂರಿನ ಸಂತೆಗೆ ಬಂದಾಗ ನಮ್ಮ ಕಟ್ಟೆಗೂ ಬರತೊಡಗಿದರು. ಚಾಚಿಯ ಜೊತೆ ಕುಳಿತು ಹರಟುವರು, ಟಿವಿ ಕುಸ್ತಿ ನೋಡುವರು, ಮಾವನಿಗಿಂತ ಜೋರಾಗಿ ಬೈಯುವರು. ಮಾಫ್ ಮಾಡಿದೆ ಎಂದು ಮಾತ್ರ ಎಂದೂ ಅನ್ನಲಿಲ್ಲ. ಮಾವನೂ ಕೇಳಲಿಲ್ಲ.

ಹೋದ ವರ್ಷ ಮಾವನಿಗೆ ಎದೆನೋವು ಬಂದು ಹಾವೇರಿಯ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಂದ ಅವರು ತಿರುಗಿ ಬರಲಿಲ್ಲ. ಮಣ್ಣು ಮಾಡುವ ದಿನ ಹಲಗೇರಿಯ ಹಿರಿಯರು ಬಂದರು. ಹೊರುವ ಹೊತ್ತಿಗೆ ನನ್ನ ಗಂಡನ ಪಕ್ಕಕ್ಕೆ ಹೋಗಿ ಹೆಗಲು ಕೊಟ್ಟು ನಿಂತರು. "ನಿಮಗ ಮೊಣಕಾಲು ಆಗಂಗಿಲ್ಲ, ಬಿಡ್ರಿ ಕಾಕಾರ," ಎಂದು ಓಣಿಯ ಹುಡುಗರು ಹಿಡಿದರು. ಅವರು ಕೈ ಕೊಡವಿದರು. "ಸರೀರಲೇ. ನಮ್ಮ ಮೇಸ್ತ್ರಿ ಅಂವಾ."

ಕುಂಟುತ್ತಲೇ ಓಣಿ ದಾಟಿ, ದೊಡ್ಡ ರಸ್ತೆಯ ತಿರುವಿನವರೆಗೂ ಹೊತ್ತರು. ಬಾಗಿಲಲ್ಲಿ ಚಾಚಿ ನನ್ನ ಕೈ ಹಿಡಿದುಕೊಂಡಿದ್ದರು. ಆ ಹೆಗಲು ಕಣ್ಮರೆಯಾಗುವವರೆಗೆ ನಾವು ಅಲ್ಲೇ ನಿಂತಿದ್ದೆವು.