ವಾರೆಗಾಲಿನ ನವಿಲು

ಅಕ್ಕಲಕೋಟದ ಬಸ್ಸಿನ ಕಿಟಕಿಯಿಂದ ಕಾಣುವ ಜೋಳದ ಸಾಲುಗಳಲ್ಲೂ ನೇಯ್ಗೆಯ ಎಳೆಗಳನ್ನೇ ಕಾಣುತ್ತಾ, ಪಂಢರಿನಾಥರು ದಿನಾಲೂ ಸೋಲಾಪುರದ ಚಾದರ ಕಾರ್ಖಾನೆಗೆ ಬಂದು, ಕೀಬೋರ್ಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಕೂರುತ್ತಾರೆ. ಮಗ್ಗಕ್ಕೆ ನಕ್ಷೆ ಕೊಡಲು ಅವರು ಬರೆದ ಪ್ರೋಗ್ರಾಮಿನಲ್ಲಿ ಚಾದರ ಎಂಬುದೊಂದು ಕ್ಲಾಸು, ಅಂದರೆ ಅಚ್ಚು. ಅದರಿಂದ ಹುಟ್ಟಿದ ಒಂದೊಂದು ಆಬ್ಜೆಕ್ಟೂ ಒಂದೊಂದು ನಕ್ಷೆ. ಬಣ್ಣ ಬದಲಿಸಬೇಕಾದರೆ ಮೊದಲು ಕಾಪಿ ಮಾಡಿ, ಕಾಪಿಯಲ್ಲಿ ಒಂದು ಎಳೆ ತಿದ್ದಿ, ಆಮೇಲೆ ಮೂಲವನ್ನು ತೆರೆದು, ಮಲಗಿದ ಕೂಸನ್ನು ಇಣುಕಿ ನೋಡುವ ಹಾಗೆ ಅದು ಕದಲಿಲ್ಲವಷ್ಟೇ ಎಂದು ನೋಡುತ್ತಾರೆ. "ಬರೇ ಮ್ಯಾಲಿನ ಕಾಪಿ ಮಾಡಬ್ಯಾಡವಾ, ಹೆಸರು ಎರಡಾಗ್ತಾವ, ಒಳಗಿನ ಎಳಿ ಒಂದೇ ಇರ್ತದ. ತಳದ ತನಕ ಕಾಪಿ ಮಾಡು" ಎಂಬುದು ಜತೆಗೆ ಕೆಲಸ ಮಾಡುವ ಕೇತಕಿಗೆ ಅವರು ದಿನಕ್ಕೆ ಹತ್ತು ಸಲ ಹೇಳುವ ಮಾತು. "ಸರ್, ನೀವು ಚಹಾನೂ ಕಾಪಿ ಮಾಡೇ ಕುಡೀತೀರಿ ನೋಡ್ರಿ" ಎಂದು ಕೇತಕಿ ನಗುತ್ತಾಳೆ. ಪಂಢರಿನಾಥರ ಅವ್ವ ವೇಣೂಬಾಯಿ ಹರೆಯದಲ್ಲಿ ಕಾಗದದ ಮೇಲೆ ಬರೆದ ನವಿಲಿನ ನಕ್ಷೆಯೊಂದನ್ನೂ ಅವರು ಕಂಪ್ಯೂಟರಿಗೆ ಇಳಿಸಿದ್ದಾರೆ. ಅದರ ಒಂದು ಕಾಲು ವಾರೆ. ಕೇತಕಿ ಒಮ್ಮೆ ಅದರ ಮೇಲಿನ ಕಾಪಿಯನ್ನಷ್ಟೇ ಮಾಡಿ, ಕಾಲನ್ನು ನೆಟ್ಟಗೆ ಮಾಡಿ ಸೇವ್ ಮಾಡಿದಾಗ, ಮೂಲದ ಕಾಲೂ ನೆಟ್ಟಗಾಗಿಬಿಟ್ಟಿತು. "ಚಲೋನೇ ಆತಲ್ರಿ ಸರ್" ಎಂದಳು. ಪಂಢರಿನಾಥರು ಅದೇ ನವಿಲಿನ ಹಳೆಯ ಚಾದರವೊಂದನ್ನು ಮೇಜಿನ ಮೇಲೆ ಹಾಸಿ, ಎಳೆ ಎಣಿಸುತ್ತಾ, ಇಡೀ ದಿನ ಕೂತು ಆ ಕಾಲನ್ನು ಮತ್ತೆ ವಾರೆ ಮಾಡಿದರು. ಅವ್ವನಿಗೆ ಈಗ ಕಣ್ಣು ಕಾಣುವುದಿಲ್ಲ. ವರ್ಷಕ್ಕೊಮ್ಮೆ ಮಗ ತಂದುಕೊಡುವ ಹೊಸ ಚಾದರದ ಉಬ್ಬು ನವಿಲಿನ ಮೇಲೆ ಮೆಲ್ಲಗೆ ಬೆರಳಾಡಿಸುತ್ತಾ ಬಂದು, ಆ ವಾರೆಗಾಲಿನ ಹತ್ತಿರ ಬೆರಳು ನಿಲ್ಲಿಸಿ, "ಹಾಂ, ಇದು ನಂದ" ಎನ್ನುತ್ತಾರೆ.